ಟ್ರ್ಯಾಕ್‌ನಲ್ಲಿ ಪಾಸಾದವರಿಗೆ ಹೆದ್ದಾರಿ ಕಲಿಸುವವರು ಯಾರು?

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾದಾಗ ಎಲ್ಲರ ಬಾಯಲ್ಲೂ ಇದ್ದದ್ದು ಪ್ರಯಾಣದ ಅವಧಿ ಎಷ್ಟು ಕಡಿಮೆಯಾಯಿತು ಎಂಬ ಮಾತು. ಕೆಲವೇ ತಿಂಗಳಲ್ಲಿ ಚರ್ಚೆ ಸಾವು–ನೋವಿನ ಕಡೆಗೆ ತಿರುಗಿತು. ಆ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಸರ್ವಿಸ್ ರಸ್ತೆಗೆ ಕಳುಹಿಸಲಾಯಿತು. ಗಂಟೆಗೆ 100 ಕಿ.ಮೀ. ಮಿತಿ ಮೀರುವವರ ಮೇಲೆ ಕ್ಯಾಮೆರಾಗಳ ಕಣ್ಣು ಬಿತ್ತು. ಈ ಕ್ರಮಗಳು ಆಗಲೇಬೇಕಿತ್ತು. ಆದರೆ ಯಾವ ವಾಹನ ಬರಬೇಕು, ಎಷ್ಟು ವೇಗದಲ್ಲಿ ಓಡಬೇಕು ಎಂದು ಗೊತ್ತುಮಾಡಿದ ವ್ಯವಸ್ಥೆ, ಸ್ಟೀರಿಂಗ್ ಹಿಡಿದವರಿಗೆ ಆ ರಸ್ತೆಯಲ್ಲಿ ಓಡಿಸಲು ಬರುತ್ತದೆಯೇ ಎಂದು ಇನ್ನೂ ಕೇಳಿಲ್ಲ. ನಿನ್ನೆ ಡಿಎಲ್ ಪಡೆದವರು ಇವತ್ತು ಒಬ್ಬರೇ ಈ ರಸ್ತೆಗೆ ಇಳಿಯಬಹುದು. ಯಾವ ಅಡ್ಡಿಯೂ ಇಲ್ಲ.

ಡಿಎಲ್ ಸಿಗುವ ಬಗೆ ಎಲ್ಲರಿಗೂ ಗೊತ್ತಿರುವುದೇ. ಎಲ್‌ಎಲ್ ಪಡೆದು 30 ದಿನ ಕಳೆದ ಮೇಲೆ, ಆರು ತಿಂಗಳ ಅವಧಿ ಮುಗಿಯುವ ಮೊದಲು ಪರೀಕ್ಷೆಗೆ ಹೋಗಬೇಕು. ಬೈಕಿನವರು ‘8’ ಹಾಕುತ್ತಾರೆ. ಕಾರಿನವರು ‘ಎಚ್’ ಆಕಾರದ ಟ್ರ್ಯಾಕ್‌ನಲ್ಲಿ ರಿವರ್ಸ್ ತೆಗೆದು, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹೊರಡಿಸಿ ತೋರಿಸುತ್ತಾರೆ. ಇವೆಲ್ಲ ಬೇಕಾದ ಕೌಶಲಗಳೇ, ಆದರೆ ಮೊದಲ ಎರಡು ಗಿಯರ್‌ಗಳಲ್ಲೇ ಮುಗಿದುಹೋಗುವಂಥವು. ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮವು, ಸೂಕ್ತ ಸಂಕೇತ ಕೊಟ್ಟು ಎಚ್ಚರದಿಂದ ಓವರ್‌ಟೇಕ್ ಮಾಡುವುದನ್ನೂ ಬೇರೆಯವರಿಗೆ ದಾರಿ ಬಿಡುವುದನ್ನೂ ಅಭ್ಯರ್ಥಿ ಮಾಡಿ ತೋರಿಸಬೇಕು ಎನ್ನುತ್ತದೆ. ಹಿಂದೆ ಮುಂದೆ ಬೇರೆ ವಾಹನವೇ ಇಲ್ಲದ ಟ್ರ್ಯಾಕ್‌ನಲ್ಲಿ ಅದನ್ನು ತೋರಿಸುವುದಾದರೂ ಹೇಗೆ? ನಿಯಮದಲ್ಲಿರುವ ಪರೀಕ್ಷೆಗೂ ಮೈದಾನದಲ್ಲಿ ನಡೆಯುವ ಪರೀಕ್ಷೆಗೂ ಇರುವ ಈ ಅಂತರವೇ ಹೆದ್ದಾರಿಯಲ್ಲಿ ಅಪಾಯವಾಗಿ ಎದುರಾಗುತ್ತದೆ.

ಹೆದ್ದಾರಿ ಕೇಳುವ ಕೌಶಲವೇ ಬೇರೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಸಾಗಿದರೆ, 100ರಲ್ಲಿ ಸುಮಾರು 28 ಮೀಟರ್ ಸಾಗುತ್ತದೆ. ವೇಗ ಎರಡೂವರೆ ಪಟ್ಟಾದಾಗ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಆರು ಪಟ್ಟು ದಾಟುತ್ತದೆ. ಮುಂದಿನ ವಾಹನದಿಂದ ಎರಡು ಸೆಕೆಂಡಿನ ಅಂತರ ಇಡುವುದೆಂದರೆ 55 ಮೀಟರ್ ಬಿಡುವುದು, ಹದಿಮೂರು ಹದಿನಾಲ್ಕು ಚಿಕ್ಕ ಕಾರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಜಾಗ. ಊರೊಳಗೆ ಬಂಪರ್‌ಗೆ ಬಂಪರ್ ತಾಗಿಸಿ ಓಡಿಸಿದ ಕಣ್ಣಿಗೆ ಇದು ವಿಪರೀತ ಅನ್ನಿಸುತ್ತದೆ. ಸರ್ವಿಸ್ ರಸ್ತೆಯಿಂದ ಮುಖ್ಯ ಪಥಕ್ಕೆ ಸೇರುವ ಜಾಗವನ್ನೇ ನೋಡಿ. ಬಲಗಡೆಯ ಕನ್ನಡಿಯಲ್ಲಿ ಚುಕ್ಕೆಯಂತೆ ಕಂಡ ಕಾರು ಮೂರು ಸೆಕೆಂಡಿನಲ್ಲಿ ಪಕ್ಕಕ್ಕೆ ಬಂದಿರುತ್ತದೆ. ಹೆದರಿ ನಡುವೆಯೇ ನಿಂತರೂ ಅಪಾಯ, 40ರ ವೇಗದಲ್ಲಿ ನುಸುಳಿದರೂ ಅಪಾಯ. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕುತ್ತಿಗೆ ಹೊರಳಿಸಿ ಕನ್ನಡಿಗೆ ಕಾಣದ ಜಾಗವನ್ನೂ ನೋಡಿ, ವೇಗ ಹೊಂದಿಸಿಕೊಂಡು ಸೇರಬೇಕು. ಇದನ್ನು ಪುಸ್ತಕ ಓದಿ ಕಲಿಯಲಾಗದು. ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕಾರು ಸಲ ಮಾಡಬೇಕು.

ಬೇರೆ ದೇಶಗಳು ಇದನ್ನು ಅರಿತಿವೆ. ಜರ್ಮನಿಯಲ್ಲಿ ಕಾರಿನ ಡಿಎಲ್ ಬೇಕೆಂದರೆ ತಲಾ 45 ನಿಮಿಷದ 12 ವಿಶೇಷ ಪಾಠಗಳು ಕಡ್ಡಾಯ: ಐದು ಊರಾಚೆಯ ರಸ್ತೆಗಳಲ್ಲಿ, ನಾಲ್ಕು ಆಟೊಬಾನ್‌ನಲ್ಲಿ, ಮೂರು ಕತ್ತಲಲ್ಲಿ. ಬ್ರಿಟನ್‌ನಲ್ಲಿ ಬಹುಕಾಲ ನಮ್ಮಂಥದ್ದೇ ವಿರೋಧಾಭಾಸವಿತ್ತು: ಕಲಿಯುವವರಿಗೆ ಮೋಟರ್‌ವೇ ನಿಷಿದ್ಧ, ಪಾಸಾದ ದಿನವೇ ಒಬ್ಬರೇ ಹೋಗಲು ಅವಕಾಶ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 2018ರ ಜೂನ್ 4ರಿಂದ ಇದು ಬದಲಾಯಿತು. ಮಾನ್ಯತೆ ಪಡೆದ ಬೋಧಕರ ಜೊತೆ, ಎರಡೂ ಕಡೆ ಪೆಡಲ್ ಇರುವ ಕಾರಿನಲ್ಲಿ ಕಲಿಯುವವರೂ ಮೋಟರ್‌ವೇಗೆ ಹೋಗಬಹುದು. ನಮ್ಮ ಡ್ರೈವಿಂಗ್ ಸ್ಕೂಲ್ ಕಾರುಗಳಲ್ಲೂ ಇಂಥ ಜೋಡಿ ಪೆಡಲ್ ಇರಬೇಕೆಂದು ನಿಯಮವಿದೆ. ಸಲಕರಣೆ ನಮ್ಮಲ್ಲಿಯೇ ಇದೆ, ಪಠ್ಯವೂ ಇದೆ. 2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮವು ಲಘು ವಾಹನಕ್ಕೆ 29 ಗಂಟೆಗಳ ತರಬೇತಿ ನಿಗದಿ ಮಾಡಿದೆ. ಅದರಲ್ಲಿ 21 ಗಂಟೆ ಗಾಡಿ ಓಡಿಸುವುದಕ್ಕೇ ಮೀಸಲು, ಹೆದ್ದಾರಿ ಚಾಲನೆಯೂ ಅದರ ಭಾಗ. ಆದರೆ ಈ ಪಠ್ಯ ಅಂಥ ಕೇಂದ್ರಕ್ಕೆ ಸೇರಿದವರಿಗಷ್ಟೇ. ಬೇರೆ ದಾರಿಯಲ್ಲಿ ಡಿಎಲ್ ಪಡೆಯುವವರು ಹೆದ್ದಾರಿಯನ್ನು ನೋಡದೆಯೇ ಚಾಲಕರಾಗುತ್ತಾರೆ.

ಹೆದ್ದಾರಿ ಅಪಘಾತಗಳಿಗೆಲ್ಲ ಹೊಸಬರೇ ಕಾರಣವೇ ಎಂದು ಕೇಳಬಹುದು. ಖಂಡಿತ ಅಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ರಸ್ತೆ ಜಾಲದಲ್ಲಿ ಶೇ 2ರ ಆಸುಪಾಸಿನಲ್ಲಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ ಅದರ ಶೇ 36ರಷ್ಟು ಸಾವು ಸಂಭವಿಸಿದೆ. ಲೈಟ್ ಹಾಕದೆ ಅಂಚಿನಲ್ಲಿ ನಿಲ್ಲಿಸಿದ ಲಾರಿ, ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರ್, ಬಲಗಡೆಯ ಲೇನ್ ಬಿಟ್ಟುಕೊಡದ ಕಂಟೈನರ್, ಇವೆಲ್ಲ ಹಳಬರ ತಪ್ಪುಗಳು. ಆದರೆ ಆ ಹಳಬರೂ ಒಮ್ಮೆ ಹೊಸಬರೇ ಆಗಿದ್ದರು, ಅವರಿಗೂ ಯಾರೂ ಕಲಿಸಲಿಲ್ಲ. ಅಲ್ಲದೆ, ರಸ್ತೆಯಲ್ಲಿ ಇಷ್ಟು ತಪ್ಪುಗಳು ಕಾದಿರುವಾಗ ಅವನ್ನು ಮೊದಲೇ ಗುರುತಿಸುವ ಕಣ್ಣು ಹೊಸಬರಿಗೆ ಇನ್ನೂ ಹೆಚ್ಚು ಬೇಕು.

ತರಬೇತಿ ಹೆಚ್ಚಾದರೆ ಭಂಡಧೈರ್ಯವೂ ಹೆಚ್ಚಾಗುತ್ತದೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ನಾರ್ವೆಯಲ್ಲಿ ಜಾರು ರಸ್ತೆಯ ತರಬೇತಿ ಕಡ್ಡಾಯವಾದ ಮೇಲೆ ಯುವಕರ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾಗಿದ್ದು ಕಂಡುಬಂತು. ಈ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಜಾರುವ ಗಾಡಿಯನ್ನು ಹಿಡಿತಕ್ಕೆ ತರುವ ಚಮತ್ಕಾರ ಕಲಿಸಿದರೆ ‘ನನಗೆ ಬರುತ್ತದೆ’ ಎಂಬ ಹಮ್ಮು ಬೆಳೆಯುತ್ತದೆ. ಹೆದ್ದಾರಿ ಪಾಠ ಕಲಿಸಬೇಕಾದದ್ದು ಅಂತರ ಇಡುವುದನ್ನು, ಎಡ ಲೇನ್‌ನಲ್ಲಿ ತಾಳ್ಮೆಯಿಂದ ಸಾಗುವುದನ್ನು, ನಿದ್ದೆ ಬಂದರೆ ಗಾಡಿ ನಿಲ್ಲಿಸಿ ವಿಶ್ರಮಿಸುವುದನ್ನು. ಖರ್ಚಿನ ಪ್ರಶ್ನೆಯೂ ಇದೆ, ಎಲ್ಲ ಜಿಲ್ಲೆಗಳಲ್ಲೂ ಎಕ್ಸ್‌ಪ್ರೆಸ್‌ವೇ ಇಲ್ಲ ಎಂಬ ಮಾತೂ ಇದೆ. ಪಾಠಕ್ಕೆ ಆರು ಪಥವೇ ಬೇಕಿಲ್ಲ. ಹತ್ತಿರದ ಚತುಷ್ಪಥ ಹೆದ್ದಾರಿ ಸಾಕು. ಎರಡು ಗಂಟೆಯ ಹೆದ್ದಾರಿ ಪಾಠಕ್ಕೆ ತಗಲುವ ಹೆಚ್ಚುವರಿ ಶುಲ್ಕ ಒಂದು ಸಣ್ಣ ಡಿಕ್ಕಿಯ ರಿಪೇರಿ ಬಿಲ್ಲಿಗಿಂತ ಕಡಿಮೆಯೇ ಆದೀತು.

ಬೇಕಿರುವುದು ಇಷ್ಟೇ: ಡಿಎಲ್ ಕೊಡುವ ಮೊದಲು ಬೋಧಕರ ಜೊತೆ ಕನಿಷ್ಠ ಎರಡು ಗಂಟೆ ಹೆದ್ದಾರಿಯಲ್ಲಿ ಓಡಿಸಿದ ದಾಖಲೆ ಕಡ್ಡಾಯವಾಗಲಿ, ಅದರಲ್ಲೊಂದು ಗಂಟೆ ಸಂಜೆಗತ್ತಲಲ್ಲಿರಲಿ. ನಿಯಮ ಬರುವವರೆಗೆ ಈ ಹೊಣೆ ಮನೆಯ ಹಿರಿಯರದು. ಮಗನಿಗೋ ಮಗಳಿಗೋ ಡಿಎಲ್ ಬಂದ ಖುಷಿಯಲ್ಲಿ ಕೀ ಕೊಟ್ಟು ಮೈಸೂರಿಗೆ ಕಳುಹಿಸಬೇಡಿ. ಮೊದಲ ಕೆಲವು ಸಲ ಪಕ್ಕದ ಸೀಟಿನಲ್ಲಿ ನೀವೂ ಕೂತಿರಿ.