ಮೊಲವನ್ನು ತರುವ ಮುನ್ನ ಮನೆಯ ತಂತಿಗಳನ್ನು ನೋಡಿ

ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಮಕ್ಕಳ ಹಟಕ್ಕೆ ಮಣಿದು ಮೊಲ ತರುವುದು ಈಗ ಅಪರೂಪವೇನಲ್ಲ. ನಾಯಿಯಾದರೆ ಮಳೆ, ಚಳಿಯೆನ್ನದೆ ದಿನವೂ ಹೊರಗೆ ಕರೆದೊಯ್ಯಬೇಕು. ಮೊಲಕ್ಕೆ ಆ ತಾಪತ್ರಯವಿಲ್ಲ ಎಂಬುದು ಲೆಕ್ಕಾಚಾರ. ತಾಪತ್ರಯ ಬೇರೆ ಕಡೆಯಿಂದ ಬರುತ್ತದೆ. ಸೋಫಾದ ಹಿಂದೆ ನುಸುಳಿದ ಮೊಲ ಟಿ.ವಿ.ಯ ತಂತಿಯನ್ನು ಕತ್ತರಿಯಿಂದ ಕತ್ತರಿಸಿದಷ್ಟು ನಯವಾಗಿ ತುಂಡರಿಸಿಬಿಡುತ್ತದೆ.

ಇದು ತುಂಟತನವಲ್ಲ. ಮೊಲದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಸದಾ ಅಗಿಯುತ್ತ ಅವನ್ನು ಸವೆಸಿಕೊಳ್ಳುವುದು ಅದಕ್ಕೆ ಅನಿವಾರ್ಯ. ಮೇಲಾಗಿ ಅದು ಬಿಲ ತೋಡುವ ಜೀವಿ. ಬಿಲಕ್ಕೆ ಅಡ್ಡಬರುವ ಬೇರನ್ನು ಕಡಿದು ದಾರಿ ಮಾಡಿಕೊಳ್ಳುವುದು ಅದರ ಹುಟ್ಟುಗುಣ. ಗೋಡೆಗೂ ಸೋಫಾಕ್ಕೂ ನಡುವಿನ ಕತ್ತಲ ಸಂದು ಅದಕ್ಕೆ ಬಿಲ, ಅಲ್ಲಿ ಬಿದ್ದಿರುವ ತಂತಿ ಬೇರು. ಗದರಿಸಿ ತಿದ್ದುತ್ತೇನೆ ಎನ್ನುವವರು ವ್ಯರ್ಥವಾಗಿ ದಣಿಯುತ್ತಾರೆ.

‘ಪಂಜರದಲ್ಲಿ ಇಟ್ಟುಬಿಡಿ’ ಎಂಬುದು ಊರಿನಿಂದ ಫೋನಿನಲ್ಲಿ ಬರುವ ಸಲಹೆ. ಒಪ್ಪಲಾಗದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2006ರ ಪ್ರಾಣಿಕಲ್ಯಾಣ ಕಾಯ್ದೆಯ ಪ್ರಕಾರ, ಸಾಕುಪ್ರಾಣಿಯು ತನ್ನ ಸಹಜ ಸ್ವಭಾವದಂತೆ ವರ್ತಿಸಲು ಅವಕಾಶ ಕಲ್ಪಿಸುವುದು ಸಾಕುವವರ ಹೊಣೆ. ಒಂದು ಜೋಡಿ ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕೆಂದು ಇಲ್ಲಿನ ಮೊಲಗಳ ಕಲ್ಯಾಣ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಅನೇಕರ ಬಾಡಿಗೆ ಮನೆಯ ಮಲಗುವ ಕೋಣೆಯೇ ಅದಕ್ಕಿಂತ ತುಸು ದೊಡ್ಡದಿದ್ದೀತು! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರು ವಾದಿಸಲಿ. ಕಟ್ಟಿಹಾಕಬೇಕಾದದ್ದು ತಂತಿಯನ್ನೇ ಹೊರತು ಮೊಲವನ್ನಲ್ಲ.

ಇಲ್ಲಿನ ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ, ಭಯವೇಕೆ ಎಂದು ಕೇಳುವವರಿದ್ದಾರೆ. ಆ ಫ್ಯೂಸ್ ಇರುವುದು ತಂತಿ ಕಾದು ಉರಿಯದಂತೆ ತಡೆಯಲು. ಅದು 3 ಅಥವಾ 13 ಆಂಪಿಯರ್‌ನದು. ಪುಟ್ಟ ಪ್ರಾಣಿಯ ಜೀವ ತೆಗೆಯಲು ಅದರ ಅತಿ ಸಣ್ಣ ಪಾಲು ಸಾಕು. ಮುಖ್ಯ ಫಲಕದಲ್ಲಿರುವ ಆರ್‌ಸಿಡಿ ಎಂಬ ಸಾಧನ 30 ಮಿಲಿ ಆಂಪಿಯರ್‌ನಷ್ಟು ಸೋರಿಕೆಗೇ ವಿದ್ಯುತ್ ಕಡಿತಗೊಳಿಸುತ್ತದೆ. ಆದರೆ ಮೊಲದ ಹಲ್ಲು ಒಳಗಿನ ಎರಡು ಎಳೆಗಳನ್ನೂ ಒಟ್ಟಿಗೆ ಕಚ್ಚಿದರೆ, ನೆಲಕ್ಕೆ ಸೋರಿಕೆಯಾಗದ ಕಾರಣ ಅದೂ ಸುಮ್ಮನಿರಬಹುದು. ಆದ್ದರಿಂದ ಸಾಧನವನ್ನು ನೆಚ್ಚಿ ಕೂರುವುದು ಜಾಣತನವಲ್ಲ.

ಮಾಡಬೇಕಾದದ್ದು ಸರಳ, ಆದರೆ ಬೇಸರ ತರುವ ಕೆಲಸ. ನೆಲಕ್ಕೆ ತಾಗುವ ಪ್ರತಿ ತಂತಿಗೂ ಉದ್ದಕ್ಕೆ ಸೀಳಿದ ಗಟ್ಟಿ ಪ್ಲಾಸ್ಟಿಕ್ ಕೊಳವೆಯನ್ನು ತೊಡಿಸಬೇಕು. ಗೋಡೆಯ ಪಕ್ಕದವನ್ನು ಮುಚ್ಚಳವಿರುವ ಪಟ್ಟಿಯೊಳಗೆ ಹಾಯಿಸಬೇಕು. ಗೋಡೆಗೆ ಮೊಳೆ ಹೊಡೆದರೆ ಮಾಲೀಕರು ಠೇವಣಿ ಹಿಡಿದಾರೆಂಬ ಅಳುಕಿದ್ದವರಿಗೆ ಅಂಟುಪಟ್ಟಿಯವೂ ಸಿಗುತ್ತವೆ. ಕಹಿ ದ್ರವ ಸಿಂಪಡಿಸುವ ಉಪಾಯವನ್ನು ನಾನು ನಂಬುವುದಿಲ್ಲ; ಕೆಲವು ಮೊಲಗಳು ಅದನ್ನೂ ಸವಿಯುತ್ತವೆ. ಸೋಫಾ, ಫ್ರಿಜ್‌ಗಳ ಹಿಂಬದಿಯ ಸಂದನ್ನು ಹಲಗೆಯಿಂದ ಮುಚ್ಚುವುದೇ ಮೇಲು. ಒಣಹುಲ್ಲು ಮಾತ್ರ ಎಂದಿಗೂ ಮುಗಿಯಬಾರದು. ಅದೇ ಅದರ ಮುಖ್ಯ ಆಹಾರ, ಹಲ್ಲಿಗೆ ಸಾಣೆಯೂ ಅದೇ.

ಇಷ್ಟಾದರೂ ಅವಘಡ ಸಂಭವಿಸಿದರೆ ಮೊಲವನ್ನು ಮುಟ್ಟುವ ಮೊದಲು ಗೋಡೆಯ ಸ್ವಿಚ್ ಆರಿಸಬೇಕು. ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರಲ್ಲಿಗೆ ಒಯ್ಯಲೇಬೇಕು. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ಬಳಿಕವೂ ಆಗಬಹುದು. ಬಾಯಿ ಸುಟ್ಟು ಮೇವು ಬಿಟ್ಟ ಮೊಲದ ಕರುಳು ಬಹುಬೇಗ ಸ್ಥಗಿತಗೊಳ್ಳುತ್ತದೆ.

ಆರು ತಿಂಗಳ ವೀಸಾದಲ್ಲಿ ಇಲ್ಲಿಗೆ ಬರುವ ಹಿರಿಯರಲ್ಲಿ ಒಂದು ಬಿನ್ನಹ. ಮಂಚದ ಪಕ್ಕ ಮೊಬೈಲ್ ಚಾರ್ಜರ್ ತಂತಿಯನ್ನು ನೆಲದ ಮೇಲೆ ಬಿಟ್ಟು ಮಲಗಬೇಡಿ. ಅದರ ವಿದ್ಯುತ್ತು ಕ್ಷೀಣವಾದುದು, ನಿಜ. ಆದರೆ ಮೊಲಕ್ಕೆ ವಾಂತಿ ಮಾಡಲು ಬಾರದು. ನುಂಗಿದ ಪ್ಲಾಸ್ಟಿಕ್ ಚೂರು ಒಳಗೇ ಉಳಿದು ಕರುಳನ್ನು ಕಟ್ಟಬಹುದು.