ಮಳೆ ನಿಂತ ಮೇಲೆ ಈಜುಕೊಳದ ನೀರನ್ನು ಪರೀಕ್ಷಿಸುವವರು ಯಾರು?



ಬೇಸಿಗೆ ರಜೆ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಪೋಷಕರು ಮಕ್ಕಳಿಗೆ ಈಜು ಕಲಿಸುವ ಜಾಗ ಹುಡುಕುತ್ತಾರೆ. ವಿಶ್ವೇಶ್ವರಯ್ಯ ನಾಲೆಯಲ್ಲೂ ಮುತ್ತತ್ತಿಯ ಕಾವೇರಿ ಮಡುಗಳಲ್ಲೂ ಜೀವಗಳನ್ನು ಕಳೆದುಕೊಂಡ ಜಿಲ್ಲೆ ನಮ್ಮದು. ಇಲ್ಲಿ ಈಜು ಕಲಿಯುವುದು ಶೋಕಿಯಲ್ಲ, ಅಗತ್ಯ. ಆದರೆ ತರಬೇತಿ ಜೋರಾಗಿರುವ ಏಪ್ರಿಲ್, ಮೇ ತಿಂಗಳಲ್ಲೇ ಗುಡುಗು ಮಳೆಯೂ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಂತೂ ಕೇಳುವುದೇ ಬೇಡ. ಮೇಲೆ ಚಾವಣಿಯಿಲ್ಲದ ಕೊಳಕ್ಕೆ ಅಷ್ಟು ಮಳೆ ಬಿದ್ದ ಮೇಲೆ ಆ ನೀರಿಗೆ ಮಕ್ಕಳನ್ನು ಇಳಿಸಬಹುದೇ ಎಂದು ಪರೀಕ್ಷಿಸಿ ಹೇಳುವ ಹೊಣೆ ಯಾರದು?

ನನ್ನ ಮಗಳು ಹೋಗುವ ಕೊಳದಲ್ಲಿ ಕಂಡದ್ದನ್ನೇ ಹೇಳುತ್ತೇನೆ. ರಾತ್ರಿ ಜೋರು ಮಳೆಯಾಗಿತ್ತು. ಬೆಳಿಗ್ಗೆ ನೀರು ತಿಳಿಹಸಿರು ಬಣ್ಣಕ್ಕೆ ತಿರುಗಿತ್ತು, ಮೆಟ್ಟಿಲ ಪಕ್ಕದಲ್ಲಿ ಕೆಮ್ಮಣ್ಣಿನ ಗೆರೆ, ಮೂಲೆಯಲ್ಲಿ ಬೇವಿನ ಎಲೆ. ಕೆಲಸದ ಹುಡುಗ ಬಕೆಟ್‌ನಿಂದ ಬ್ಲೀಚಿಂಗ್ ಪೌಡರ್ ಬೊಗಸೆಯಲ್ಲಿ ತೆಗೆದು ಎರಚುತ್ತಿದ್ದ. ಅದು ಕರಗದೆ, ಚಿಕ್ಕ ಮಕ್ಕಳು ಇಳಿಯುವ ಕಡೆಯೇ ತಳದಲ್ಲಿ ಬೆಳ್ಳಗೆ ಕೂತಿತ್ತು. ಅರ್ಧ ಗಂಟೆಯಲ್ಲಿ ಮೊದಲ ಬ್ಯಾಚ್ ನೀರಿಗಿಳಿಯಿತು. ಪರೀಕ್ಷೆ ಮಾಡಿದಿರಾ ಎಂದು ಕೇಳಿದೆ. “ಮಳೆನೀರು ಅಲ್ವಾ ಮೇಡಂ, ಫ್ರೆಶ್ ನೀರೇಯಾ” ಎಂಬ ಉತ್ತರ ಬಂತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಕೈಗೊಂದು ಕಿಟ್ಟನ್ನೂ ಕೊಟ್ಟಿಲ್ಲ.

ಲೆಕ್ಕ ಹಾಕಿ ನೋಡಿ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ ಸುಮಾರು 4.7 ಲಕ್ಷ ಲೀಟರ್ ನೀರಿರುತ್ತದೆ. 50 ಮಿ.ಮೀ. ಮಳೆ ಬಂದರೆ ಆಕಾಶದಿಂದ ನೇರವಾಗಿ ಬೀಳುವುದು ಹದಿನೈದೂವರೆ ಸಾವಿರ ಲೀಟರ್, ಅಂದರೆ ನೂರಕ್ಕೆ ಮೂರು ಪಾಲು. ಒಂದು ದಿನದ ಮಳೆಯಿಂದಲೇ ಕೊಳದ ಕ್ಲೋರಿನ್ ತೆಳುವಾಗಿ ಹೋಗುವುದಿಲ್ಲ. ಕೆಡಿಸುವುದು ಸುತ್ತಲ ಕಟ್ಟೆಯಿಂದ, ಪಕ್ಕದ ಮಣ್ಣಿನಿಂದ ಹರಿದು ಒಳಗೆ ಬರುವ ನೀರು. ಕೊಳದಲ್ಲಿದ್ದ ಕ್ಲೋರಿನ್ ಆ ಮಣ್ಣು, ಎಲೆ, ಹಕ್ಕಿ ಹಿಕ್ಕೆಯ ಮೇಲೆಯೇ ಖರ್ಚಾಗಿ ರೋಗಾಣುಗಳಿಗೆ ಉಳಿಯುವುದಿಲ್ಲ. ಅದೇ ಹೊತ್ತಿಗೆ ಕರೆಂಟ್ ಹೋದರೆ ಪಂಪೂ ಇಲ್ಲ, ಫಿಲ್ಟರೂ ಇಲ್ಲ. ಇನ್ನು ಮಳೆ ದಿನವೂ ಬರತೊಡಗಿದರೆ ಪ್ರತಿ ಸಲ ಕೊಳ ತುಂಬಿ ಚೆಲ್ಲುವಾಗ ನೀರಿನ ಕ್ಷಾರಗುಣವೂ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಆಮೇಲೆ ಪಿಎಚ್ ಸ್ಥಿರವಾಗಿ ನಿಲ್ಲುವುದಿಲ್ಲ.

ಬೊಗಸೆ ಲೆಕ್ಕದ ಪುಡಿ ಇದಕ್ಕೆ ಸಾಲದು. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಉಪಯೋಗಕ್ಕೆ ಬರುವ ಕ್ಲೋರಿನ್. ಒಂದು ಕಿಲೋ ಪೂರ್ತಿ ಕರಗಿದರೂ ಇಂಥ ಕೊಳದಲ್ಲಿ ಲೀಟರಿಗೆ 0.7 ಮಿಲಿಗ್ರಾಂ ಸಿಕ್ಕೀತು. ಮಳೆಗಾಲದ ತೇವಕ್ಕೆ ಬಾಯಿ ತೆರೆದಿಟ್ಟ ಮೂಟೆಯಾದರೆ ಅದೂ ಇಲ್ಲ. ಜೊತೆಗೆ ಆ ಪುಡಿಯಲ್ಲಿ ಸುಣ್ಣವಿರುವುದರಿಂದ ಅದನ್ನೇ ಸುರಿಯುತ್ತ ಹೋದರೆ ಪಿಎಚ್ ಏರುತ್ತದೆ. ಪಿಎಚ್ 7.5 ಇದ್ದಾಗ ನೀರಿನಲ್ಲಿರುವ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಚುರುಕಾಗಿ ಕೆಲಸ ಮಾಡುತ್ತದೆ, 8 ಮುಟ್ಟಿದರೆ ಕಾಲು ಭಾಗ. ಅದಕ್ಕೇ ಪಿಎಚ್ 7.2ರಿಂದ 7.8ರೊಳಗೆ, ಮುಕ್ತ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕೆನ್ನುವುದು. ಘಾಟು ವಾಸನೆ ಬಂದರೆ ಔಷಧಿ ಚೆನ್ನಾಗಿ ಹಾಕಿದ್ದಾರೆ ಎಂದು ನಾವು ಪೋಷಕರು ಸಮಾಧಾನ ಪಡುತ್ತೇವೆ. ವಾಸ್ತವದಲ್ಲಿ ಆ ಘಾಟು ಮತ್ತು ಕಣ್ಣುರಿ ಹೆಚ್ಚಾಗಿ ಬೆವರು, ಮೂತ್ರಗಳ ಜೊತೆ ಸೇರಿದ ಕ್ಲೋರಿನ್‌ನಿಂದ ಬರುವಂಥದ್ದು.

2024ರಲ್ಲಿ ನೆರೆಯ ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾ ಸೋಂಕಿಗೆ ಮಕ್ಕಳು ಬಲಿಯಾದರು. ಅವರಲ್ಲೊಬ್ಬಳು ಶಾಲಾ ಪ್ರವಾಸದಲ್ಲಿ ಈಜುಕೊಳಕ್ಕೆ ಇಳಿದಿದ್ದಳೆಂದು ವರದಿಯಾಗಿತ್ತು. ಈಜುಕೊಳಗಳಿಗೆ ಸರಿಯಾಗಿ ಕ್ಲೋರಿನ್ ಹಾಕಬೇಕೆಂದು ಅಲ್ಲಿನ ಸರ್ಕಾರ ಸೂಚಿಸಿತು. ಈ ರೋಗ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ವಾಂತಿಭೇದಿ, ಕಿವಿ ಸೋರುವುದು, ಚರ್ಮದ ತುರಿಕೆ ಅಪರೂಪವಲ್ಲ.

ಮಳೆಗಾಲ ಮುಗಿಯುವ ತನಕ ಕೊಳ ಮುಚ್ಚಿಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೊಳ ಮುಚ್ಚಿದರೆ ಹುಡುಗರು ತುಂಬಿ ಹರಿಯುವ ನಾಲೆಗೆ ಹೋಗುತ್ತಾರೆ.

ಕುಡಿಯುವ ನೀರನ್ನು ಪರೀಕ್ಷಿಸಲು ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ, ಕಿಟ್ ಕೊಡುವ ವ್ಯವಸ್ಥೆ ಇದೆ. ಅವರು ಮಾಡಬಹುದಾದ ಕೆಲಸವನ್ನು ಶುಲ್ಕ ತೆಗೆದುಕೊಳ್ಳುವ ಈಜುಕೊಳ ಮಾಡಲಾಗದೇ? ಈಜುಕೊಳದ ನೀರಿಗೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 3328 ಎಂಬ ಮಾನದಂಡವೂ ಇದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಸ್ಥಳೀಯ ಸಂಸ್ಥೆಗಳು ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗಳು ಒಂದು ನಿಯಮ ತರಲಿ: ಮಳೆಯಾದ ಪ್ರತಿ ಬೆಳಿಗ್ಗೆ ಪಿಎಚ್ ಮತ್ತು ಕ್ಲೋರಿನ್ ಅಳೆದು, ಅಳೆದ ಹೊತ್ತಿನ ಸಮೇತ ಗೇಟಿನ ಬಳಿಯ ಬೋರ್ಡಿನಲ್ಲಿ ಬರೆದ ಮೇಲೆಯೇ ಕೊಳ ತೆರೆಯಬೇಕು. ತಳ ಕಾಣದಷ್ಟು ನೀರು ಕಲಕಿದ್ದರೆ ಅಂದು ಬ್ಯಾಚ್ ಇಲ್ಲ, ಏಕೆಂದರೆ ಮುಳುಗಿದ ಮಗು ತರಬೇತುದಾರನ ಕಣ್ಣಿಗೂ ಬೀಳುವುದಿಲ್ಲ. ಬ್ಲೀಚಿಂಗ್ ಪೌಡರನ್ನು ಬೇರೆ ಡ್ರಮ್ಮಿನಲ್ಲಿ ಕದಡಿ, ತಿಳಿಯನ್ನಷ್ಟೇ ಸಂಜೆ ಕೊಳಕ್ಕೆ ಬಿಡಲಿ. ಕಟ್ಟೆಯ ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡದ ಕೊಳಗಳಿಗೆ ಪರವಾನಗಿ ನವೀಕರಿಸಬಾರದು. ಮುಂದಿನ ರಜೆಯ ತರಬೇತಿ ಶುರುವಾಗುವ ಮುನ್ನವೇ ಈ ಆದೇಶ ಹೊರಡಲಿ.

— ಒಬ್ಬ ತಾಯಿ, ಮದ್ದೂರು