ಅಜ್ಜಿಯ ಸತ್ಯವೇದ, ಮೊಮ್ಮಗನ ಸಾಕ್ಷಿ

ತರೀಕೆರೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಕ್ರೈಸ್ತ ಕುಟುಂಬ. ಮಗ ಎರಡನೇ ಪಿಯುಸಿ. ಪರೀಕ್ಷೆಗೆ ಇನ್ನು ಆರು ವಾರ. ಭಾನುವಾರ ಗೆಳೆಯನ ಜತೆ ರೈಲು ಹತ್ತಿ ಭದ್ರಾವತಿಗೆ ಹೋಗಿ, ಅಲ್ಲಿನ ಪ್ರಾರ್ಥನಾ ಕೂಟ ಮುಗಿಸಿ ರಾತ್ರಿ ಮನೆಗೆ ಬಂದವನು ತಟ್ಟೆಯ ಮುಂದೆ ಕೂರದೆ ನಿಂತೇ ಹೇಳುತ್ತಾನೆ: "ಅಪ್ಪಾ, ದೇವರು ನನ್ನ ಹತ್ರ ಮಾತಾಡಿದ್ರು. ಪರೀಕ್ಷೆ ಬರೀಬೇಡ, ಸೇವೆಗೆ ಹೊರಡು ಅಂದ್ರು."

ಅಪ್ಪನಿಗೆ ಸಿಟ್ಟು. "ಮುತ್ತಜ್ಜನ ಕಾಲದಿಂದ ನಾವು ಸಭೇಲಿದ್ದೀವಿ. ನಮಗ್ಯಾರಿಗೂ ಹೇಳದ ದೇವರು ನಿನಗೊಬ್ಬನಿಗೇ ಹೇಳಿದನೇನೋ?" ಮೂಲೆಯಲ್ಲಿ ಕನ್ನಡಕ ಸರಿಪಡಿಸಿಕೊಳ್ಳುತ್ತ ಅಜ್ಜಿ, "ಸತ್ಯವೇದದಲ್ಲಿ ಹಾಗೆ ಎಲ್ಲಿದೆ, ತೋರಿಸು ಮಗಾ" ಎನ್ನುತ್ತಾಳೆ. ಹುಡುಗನ ಉತ್ತರ ಒಂದೇ: "ಕೇಳಿಸಿಕೊಂಡೋನು ನಾನು, ನೀವಲ್ಲ." ಅಮ್ಮ ಏನೂ ಹೇಳದೆ ಅನ್ನದ ಪಾತ್ರೆಗೆ ತಟ್ಟೆ ಮುಚ್ಚುತ್ತಾಳೆ.

ಈ ಮನೆ ಕಲ್ಪನೆಯದು. ಆದರೆ ಇಂಥ ಜಗಳ ಕಲ್ಪನೆಯದಲ್ಲ. ಕಡೂರಿನಲ್ಲಾಗಲಿ ಅಜ್ಜಂಪುರದಲ್ಲಾಗಲಿ, ಯಾವ ಮತದ ಮನೆಯಲ್ಲಾಗಲಿ ಇದು ನಡೆಯಬಹುದು. ಅಪ್ಪ ಸಂಪ್ರದಾಯದ ಕಡೆ, ಅಜ್ಜಿ ಗ್ರಂಥದ ಕಡೆ, ಮಗ ಸ್ವಂತ ಅನುಭವದ ಕಡೆ. ಮೂವರೂ ದೇವರನ್ನು ನಂಬುವವರೇ. ಹಾಗಾದರೆ ಯಾರ ಮಾತು ಪ್ರಮಾಣ? ಕ್ರೈಸ್ತರು ಈ ಪ್ರಶ್ನೆಯೊಡನೆ ಸುಮಾರು ಎರಡು ಸಾವಿರ ವರ್ಷಗಳಿಂದ ಗುದ್ದಾಡುತ್ತಿದ್ದಾರೆ. ಆ ಗುದ್ದಾಟದಿಂದ ಉಳಿದ ಮಕ್ಕಳೂ ಹೆತ್ತವರೂ ಕಲಿಯುವುದು ಸಾಕಷ್ಟಿದೆ.

ಮೊದಲು ಹುಡುಗನ ಪರವಾಗಿ ಒಂದು ಮಾತು. ಕ್ರೈಸ್ತ ಧರ್ಮ ಹುಟ್ಟಿದಾಗ ಹೊಸ ಒಡಂಬಡಿಕೆ ಎಂಬ ಪುಸ್ತಕವೇ ಇರಲಿಲ್ಲ. ಕಂಡವರ, ಕೇಳಿದವರ ಸಾಕ್ಷಿಯಷ್ಟೇ ಇತ್ತು. ಕ್ರೈಸ್ತರನ್ನು ಹಿಡಿದು ತರಲು ದಮಸ್ಕಕ್ಕೆ ಹೊರಟಿದ್ದ ಪೌಲನು ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದ. ಎದ್ದಾಗ ಬೇರೆ ಮನುಷ್ಯನಾಗಿದ್ದ. ಅವನ ಅನುಭವವನ್ನು ತೆಗೆದುಹಾಕಿದರೆ ಹೊಸ ಒಡಂಬಡಿಕೆಯ ಪತ್ರಗಳಲ್ಲಿ ದೊಡ್ಡ ಪಾಲು ಹೋಗಿಬಿಡುತ್ತದೆ.

ಆದರೆ ಅದೇ ಪೌಲನು ಮುಂದೆ ಮಾಡಿದ್ದನ್ನೂ ನೋಡಬೇಕು. ತನ್ನ ಬೋಧನೆ ಮನುಷ್ಯರಿಂದ ಬಂದದ್ದಲ್ಲವೆಂದು ಅವನು ಗಲಾತ್ಯದವರಿಗೆ ಖಡಾಖಂಡಿತವಾಗಿ ಬರೆಯುತ್ತಾನೆ. ಅದೇ ಪತ್ರದಲ್ಲಿ, ಮೂರು ವರ್ಷದ ನಂತರ ಜೆರುಸಲೇಮಿಗೆ ಹೋಗಿ ಪೇತ್ರನ ಜತೆ ಹದಿನೈದು ದಿನ ಇದ್ದುದನ್ನೂ, ಹದಿನಾಲ್ಕು ವರ್ಷದ ಮೇಲೆ ಮತ್ತೆ ಹೋಗಿ ತನ್ನ ಬೋಧನೆಯನ್ನು ಅಲ್ಲಿನ ಹಿರಿಯರ ಮುಂದೆ ಇಟ್ಟುದನ್ನೂ ಹೇಳುತ್ತಾನೆ. ತಾನು ಓಡಿದ ಓಟ ವ್ಯರ್ಥವಾಗಬಾರದಲ್ಲ ಎಂಬ ಕಾಳಜಿ ಅವನದು. ಥೆಸಲೋನಿಕದವರಿಗೆ ಬರೆದ ಪತ್ರದಲ್ಲಂತೂ ಆತ್ಮದ ಬೆಂಕಿಯನ್ನು ಆರಿಸಬೇಡಿ ಎಂಬ ಬುದ್ಧಿವಾದವೂ, ಎಲ್ಲವನ್ನೂ ಪರೀಕ್ಷಿಸಿ ನೋಡಿ ಎಂಬ ಬುದ್ಧಿವಾದವೂ ಅಕ್ಕಪಕ್ಕದಲ್ಲೇ ಇವೆ. ಅಪ್ಪ ಮೊದಲನೆಯದನ್ನು ಮರೆತಿದ್ದಾನೆ, ಮಗ ಎರಡನೆಯದನ್ನು.

ಲೋಕ ಮುಗಿಯದ ರಾತ್ರಿ

ಹಳೆಯ ಮೈಸೂರು ಸಂಸ್ಥಾನದಲ್ಲಿ ಕನ್ನಡದಲ್ಲಿ ಕೆಲಸ ಮಾಡಿದ ಮಿಷನ್‌ಗಳಲ್ಲಿ ವೆಸ್ಲಿಯನ್ ಮಿಷನ್ ಮುಖ್ಯವಾದುದು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಹೆಸರು ಬದಲಾದ 1947ರಲ್ಲಿಯೇ ಈ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು. ಈ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿ ಓದಿದವನು, ಪಾದ್ರಿಯಾಗಿ ದೀಕ್ಷೆ ಪಡೆದವನು. ಗ್ರಂಥ ಗೊತ್ತಿತ್ತು, ವಿಧಿ ಗೊತ್ತಿತ್ತು, ಆದರೂ ಮನಸ್ಸಿಗೆ ನೆಮ್ಮದಿಯಿರಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಅರೆಮನಸ್ಸಿನಿಂದ ಹೋದ. ಅಲ್ಲಿ ಯಾರೋ ಲೂಥರನ ಬರಹವೊಂದನ್ನು ಓದುತ್ತಿದ್ದರು. ಅದನ್ನು ಕೇಳುತ್ತಿದ್ದಂತೆ ಎದೆಯೊಳಗೆ ವಿಚಿತ್ರವಾದ ಬಿಸುಪೊಂದು ಮೂಡಿದುದನ್ನು ಅವನು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಮೆಥಡಿಸ್ಟ್ ಚಳವಳಿಗೆ ಕಾವು ಸಿಕ್ಕಿದ್ದು ಆ ಸಂಜೆಯಿಂದ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಇಪ್ಪತ್ತೈದು ವರ್ಷದ ನಂತರ ವೆಸ್ಲಿಯ ಹಿಂಬಾಲಕರಲ್ಲೇ ಒಬ್ಬನಾದ ಜಾರ್ಜ್ ಬೆಲ್ ಎಂಬುವನು ತನಗೆ ದೇವರ ಸೂಚನೆ ಸಿಕ್ಕಿದೆ, 1763ರ ಫೆಬ್ರವರಿ 28ರಂದು ಲೋಕ ಮುಗಿಯುತ್ತದೆ ಎಂದು ಸಾರಿದ. ಲಂಡನ್ನಿನಲ್ಲಿ ಗಾಬರಿ ಹಬ್ಬಿತು. ವೆಸ್ಲಿ ಆರಂಭದಲ್ಲಿ ಬೆಲ್‌ನನ್ನು ಸಹಿಸಿಕೊಂಡಿದ್ದ. ಕೊನೆಗೆ ಬಹಿರಂಗವಾಗಿಯೇ ಅವನ ಮಾತನ್ನು ಅಲ್ಲಗಳೆದ. ಆ ದಿನ ಸಂಜೆ ಅಂಜಿದ ಜನರಿಗೆ ಉಪದೇಶ ಮಾಡಿ, ಹತ್ತು ಗಂಟೆಯ ಹೊತ್ತಿಗೆ ಮಲಗಿ ನಿದ್ದೆ ಹೋದ. ಬೆಳಗಾಯಿತು, ಲೋಕ ಇತ್ತು.

ಎದೆಯ ಬಿಸುಪಿನಿಂದಲೇ ಚಳವಳಿ ಕಟ್ಟಿದ ಮನುಷ್ಯನಿಗೆ ಎಲ್ಲ ಬಿಸುಪೂ ದೇವರದಲ್ಲ ಎಂಬುದು ಗೊತ್ತಿತ್ತು. ಅದಕ್ಕೇ ಅವನು ಅನುಭವವನ್ನು ಒಂಟಿಯಾಗಿ ಬಿಡಲಿಲ್ಲ. ಗ್ರಂಥ, ಸಂಪ್ರದಾಯ, ವಿವೇಕ ಇವುಗಳ ಜತೆಯಲ್ಲಿ ನಿಲ್ಲಿಸಿದ.

ಹಿರಿಯರೂ ತಪ್ಪುವುದುಂಟು

ಇಷ್ಟು ಓದಿದ ಕೂಡಲೇ ಅಪ್ಪಂದಿರು "ನಾವು ಹೇಳಿದ್ದೂ ಅದೇ" ಎಂದು ಬೀಗಬಾರದು. ಸಂಪ್ರದಾಯ ತಪ್ಪಿದ ಉದಾಹರಣೆಗಳಿಗೇನೂ ಕೊರತೆಯಿಲ್ಲ. ಫ್ರಾನ್ಸಿನ ರೈತರ ಮಗಳು ಜೋನ್ ತನಗೆ ಸಂತರ ದನಿ ಕೇಳಿಸುತ್ತದೆ ಎಂದಳು. ಧರ್ಮಪಂಡಿತರ ನ್ಯಾಯಪೀಠ ಅವಳನ್ನು ಪಾಷಂಡಿ ಎಂದು ತೀರ್ಮಾನಿಸಿತು. 1431ರಲ್ಲಿ ಅವಳನ್ನು ಸುಟ್ಟರು. 1456ರಲ್ಲಿ ಆ ತೀರ್ಪು ರದ್ದಾಯಿತು. 1920ರಲ್ಲಿ ಅದೇ ಧರ್ಮಸಭೆ ಅವಳನ್ನು ಸಂತಳೆಂದು ಘೋಷಿಸಿತು. ನಮ್ಮ ದಕ್ಷಿಣ ಭಾರತದಲ್ಲಿಯೂ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಇಟ್ಟುಕೊಂಡ ಚರ್ಚುಗಳಿದ್ದವು. ಪ್ರಶ್ನಿಸಿದವರಿಗೆ ಸಿಕ್ಕ ಉತ್ತರ, ಹಿಂದಿನಿಂದ ನಡೆದುಬಂದದ್ದು ಎಂಬುದೇ.

ಬರಿಯ ಗ್ರಂಥ ಹಿಡಿದವರೂ ಎಡವಿದ್ದಾರೆ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ಯಾವ ದರ್ಶನವನ್ನೂ ಕಂಡವನಲ್ಲ. ದಾನಿಯೇಲನ ಗ್ರಂಥದ ಅಂಕಿಗಳನ್ನು ವರ್ಷಗಟ್ಟಲೆ ಕೂಡಿ ಕಳೆದು ಕ್ರಿಸ್ತನ ಪುನರಾಗಮನದ ಕಾಲವನ್ನು ಲೆಕ್ಕ ಹಾಕಿದ. ಅವನ ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22 ಎಂದು ಗೊತ್ತುಮಾಡಿಕೊಂಡರು. ಪೈರು ಕೊಯ್ಯದೆ ಕಾದವರಿದ್ದರು. ಆ ದಿನವೂ ಬಂತು, ಹೋಯಿತು.

ಅದೇ 1844ರಲ್ಲಿ ಮಂಗಳೂರಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಬಾಸೆಲ್ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತ ದೀಕ್ಷೆ ಪಡೆದ. ಊರಿನಲ್ಲಿ ಕೋಲಾಹಲವೆದ್ದಿತು. ಮನೆತನ, ಶಾಸ್ತ್ರ, ಸಂಪ್ರದಾಯ ಎಲ್ಲವೂ ಒಂದು ಕಡೆ, ಯುವಕನ ಒಳಗಿನ ನಿಶ್ಚಯ ಇನ್ನೊಂದು ಕಡೆ. ಅವನು ಮಾಡಿದ್ದು ಸರಿಯೇ ತಪ್ಪೇ ಎಂಬ ಬಗ್ಗೆ ಓದುಗರಲ್ಲಿ ಒಮ್ಮತ ಇರಲಾರದು, ಇರಬೇಕಾಗಿಯೂ ಇಲ್ಲ. ಗಮನಿಸಬೇಕಾದ್ದು ಮುಂದಿನದು. ನಿಶ್ಚಯವಾಯಿತೆಂದು ಅವನು ಓದಿಗೆ ಶರಣು ಹೊಡೆಯಲಿಲ್ಲ. 1846ರಿಂದ 1851ರವರೆಗೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಕ್ರಮವಾಗಿ ಅಧ್ಯಯನ ಮಾಡಿ, ಆಮೇಲೆ ಬೋಧಕನಾಗಿ ಹಿಂದಿರುಗಿದ. ಪಂಜಾಬಿನ ಸಾಧು ಸುಂದರಸಿಂಗ್ ಅವರದು ಬೇರೆಯೇ ದಾರಿ. 1904ರ ಡಿಸೆಂಬರಿನಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ಕಂಡ ದರ್ಶನದಿಂದ ಅವರ ಬದುಕೇ ತಿರುಗಿತು. ಲಾಹೋರಿನ ಕಾಲೇಜಿಗೆ ಸೇರಿದರೂ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಕಾವಿ ತೊಟ್ಟ ಸಂಚಾರಿಯಾಗಿಯೇ ಉಳಿದರು. ಆದರೂ ಕೈಯಲ್ಲಿ ಹೊಸ ಒಡಂಬಡಿಕೆಯ ಪ್ರತಿ ಸದಾ ಇರುತ್ತಿತ್ತು. ಅವರು ಹೇಳಿದ ಅದ್ಭುತ ಪ್ರಸಂಗಗಳು ನಿಜವೇ ಎಂದು 1920ರ ದಶಕದಲ್ಲಿ ಯುರೋಪಿನ ವಿದ್ವಾಂಸರು ಕಟುವಾಗಿ ವಾದಿಸಿದರು. ಅಂದರೆ ಸಾಧುವೇ ಆದರೂ ಪರೀಕ್ಷೆ ತಪ್ಪಲಿಲ್ಲ.

ಅಜ್ಜಂಪುರದ ಹೋರಿ

ಈ ಪ್ರಶ್ನೆಗೆ ನಮ್ಮ ನೆಲದ ಮಾತಿನಲ್ಲೇ ಉತ್ತರ ಹುಡುಕಿದವರು ಎ. ಜೆ. ಅಪ್ಪಸಾಮಿ. 1950ರಿಂದ ಕೊಯಮತ್ತೂರಿನ ಬಿಷಪ್ ಆಗಿದ್ದವರು. ಭಾರತೀಯ ದರ್ಶನಗಳಲ್ಲಿ 'ಪ್ರಮಾಣ' ಎಂಬ ವಿಚಾರ ಎಷ್ಟು ಮುಖ್ಯವೋ ಕ್ರೈಸ್ತ ನಂಬಿಕೆಗೂ ಅದು ಅಷ್ಟೇ ಮುಖ್ಯ ಎಂದು ಅವರು ವಾದಿಸಿದರು. ಶ್ರುತಿ, ಯುಕ್ತಿ, ಅನುಭವ ಎಂಬ ಮೂರು ಮಾತು ಶೃಂಗೇರಿಯ ಜಿಲ್ಲೆಯವರಿಗೆ ಹೊಸದಲ್ಲ. ಅಪ್ಪಸಾಮಿ ಇವುಗಳ ಜತೆಗೆ ಸಭೆಯನ್ನೂ ಸೇರಿಸಿದರು. ಒಂದು ಇನ್ನೊಂದನ್ನು ತಿದ್ದುತ್ತಿರಬೇಕು, ಯಾವುದೊಂದೂ ಸರ್ವಾಧಿಕಾರಿಯಾಗಬಾರದು ಎಂಬುದು ಈ ವಿಚಾರದ ತಿರುಳು.

ಕನ್ನಡಕ್ಕಂತೂ ಇನ್ನೂ ಒಂದು ಅನುಕೂಲವಿದೆ. ನಮ್ಮಲ್ಲಿ 'ಅನುಭವ' ಬೇರೆ, 'ಅನುಭಾವ' ಬೇರೆ. ಮೈ ಜುಮ್ಮೆಂದದ್ದು, ಕಣ್ಣು ತುಂಬಿದ್ದು ಅನುಭವ. ಅದು ಬದುಕಿನಲ್ಲಿ ಇಳಿದು, ನಡೆಯಲ್ಲಿ ಪಕ್ವವಾದಾಗ ಅನುಭಾವ. ಶರಣರು ನುಡಿಯನ್ನು ನಡೆಯಿಂದ ಅಳೆದದ್ದು ಇದಕ್ಕಾಗಿಯೇ. ಭದ್ರಾವತಿಯಿಂದ ಬಂದ ಹುಡುಗನಿಗೆ ಆಗಿರುವುದು ಮೊದಲನೆಯದು. ಎರಡನೆಯದಕ್ಕೆ ಕಾಲ ಬೇಕು.

ಅಜ್ಜಂಪುರದ ಕಡೆಯ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದ ಅಮೃತ ಮಹಲ್ ತಳಿಯ ಸಂವರ್ಧನ ಕೇಂದ್ರ ಇರುವುದು ಅಲ್ಲೇ. ಹೋರಿ ಕೊಳ್ಳುವಾಗ ಜಾಣ ರೈತ ಅದರ ತಳಿ ವಿಚಾರಿಸುತ್ತಾನೆ. ಹಿರಿಯರು ಹೇಳಿದಂತೆ ಸುಳಿ ನೋಡುತ್ತಾನೆ. ಕೊನೆಗೆ ನೊಗಕ್ಕೆ ಕಟ್ಟಿ ನಾಲ್ಕು ಹೆಜ್ಜೆ ಓಡಿಸುತ್ತಾನೆ. ತಳಿ ಒಳ್ಳೆಯದೆಂದು ಕುಂಟುವ ಹೋರಿಯನ್ನು ಯಾರೂ ತರುವುದಿಲ್ಲ. ಒಮ್ಮೆ ಚೆನ್ನಾಗಿ ಓಡಿತೆಂದು ತಳಿ ಕೇಳದೆಯೂ ದುಡ್ಡು ಎಣಿಸುವುದಿಲ್ಲ. ಹೋರಿಗೆ ತೋರುವ ಎಚ್ಚರವನ್ನು ಮಕ್ಕಳ ಬದುಕಿನ ತೀರ್ಮಾನಕ್ಕೆ ತೋರದಿದ್ದರೆ ಹೇಗೆ?

ದೊಡ್ಡ ಧರ್ಮಸಭೆಗಳೂ ಈ ಎಚ್ಚರವನ್ನು ಬಿಟ್ಟಿಲ್ಲ. ಫ್ರಾನ್ಸಿನ ಲೂರ್ದಿನಲ್ಲಿ 1858ರಲ್ಲಿ ಬೆರ್ನಾದೆತ್ ಎಂಬ ಬಡ ಹುಡುಗಿ ಮರಿಯಮ್ಮನವರ ದರ್ಶನವಾಯಿತೆಂದಳು. ಅಲ್ಲಿನ ಬಿಷಪ್ ಒಪ್ಪಿಗೆ ಕೊಟ್ಟದ್ದು 1862ರಲ್ಲಿ, ವಿಚಾರಣೆಯ ನಂತರ. ರೋಗ ವಾಸಿಯಾಯಿತೆಂದು ಅಲ್ಲಿ ಹೇಳಿಕೊಂಡವರು ಸಾವಿರಾರು ಮಂದಿ. ಆದರೆ ವೈದ್ಯರ ತಪಾಸಣೆಯ ಬಳಿಕ ಅದ್ಭುತವೆಂದು ಧರ್ಮಸಭೆ ಮಾನ್ಯ ಮಾಡಿದ್ದು 2018ರ ಹೊತ್ತಿಗೆ 70ನ್ನು ಮಾತ್ರ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಈ ಬಗೆಯ ಘಟನೆಗಳಿಗೆ ಹೊಸ ನಿಯಮ ತಂದು, ದೈವಿಕವೇ ಎಂದು ಆತುರದಲ್ಲಿ ತೀರ್ಪು ಕೊಡುವ ಗೋಜಿಗೆ ಹೋಗಬೇಡಿ, ಫಲವನ್ನು ನೋಡಿ ಎಂಬ ಧಾಟಿಯಲ್ಲಿ ಬಿಷಪ್ಪರಿಗೆ ಸೂಚಿಸಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತೊಡಕಿಗೆ ಒಂದು ಎಲ್ಲೆ ಹಾಕಿಕೊಟ್ಟಿದ್ದಾನೆ. ಇಂಥ ಅನುಭವ ಪಡೆದವನಿಗೆ ಅದು ಪ್ರಮಾಣವೇ ಸರಿ, ಪಡೆಯದವರು ಅದನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ ಎಂಬುದು ಅವನ ಅಭಿಪ್ರಾಯ. ಮನೆಯೊಳಗೆ ಶಾಂತಿ ಉಳಿಯಲು ಇದು ಒಳ್ಳೆಯ ಸೂತ್ರ. ಮಗನಿಗೆ ಏನೂ ಆಗಿಲ್ಲ ಎನ್ನುವ ಹಕ್ಕು ಅಪ್ಪನಿಗಿಲ್ಲ. ಆದದ್ದಕ್ಕೆ ಮನೆಯವರೆಲ್ಲ ತಲೆಬಾಗಬೇಕು ಎನ್ನುವ ಹಕ್ಕು ಮಗನಿಗಿಲ್ಲ.

ಹಾಗಾದರೆ ಹೆತ್ತವರು ಏನು ಮಾಡಬೇಕು? ಗೇಲಿ ಮಾಡಬಾರದು. ಗೇಲಿಗೆ ಸಿಕ್ಕ ಹುಡುಗ ಮುಂದಿನ ಬಾರಿ ಹೇಳದೆಯೇ ಹೊರಟುಬಿಡುತ್ತಾನೆ. ಪೂರ್ತಿ ಕೇಳಿಸಿಕೊಂಡು ಕೆಲವು ಪ್ರಶ್ನೆ ಹಾಕಬೇಕು. ಆ ದನಿ ಹೇಳಿದ್ದು ಪ್ರೀತಿಗೆ, ಸತ್ಯಕ್ಕೆ ಹೊಂದುತ್ತದೆಯೇ? ನಿನ್ನನ್ನು ಬಲ್ಲ, ನಿನ್ನಿಂದ ಲಾಭವಿಲ್ಲದ ಹಿರಿಯರೊಬ್ಬರಿಗೆ ಅದನ್ನು ತಿಳಿಸಿದ್ದೀಯಾ? ಮನೆಯವರಿಗೆ ಹೇಳಬೇಡ, ಈಗಲೇ ಹೊರಡು, ದುಡ್ಡು ತಾ ಎಂದು ಯಾರಾದರೂ ಅವಸರ ಮಾಡಿದರೇ? ಮಾಡಿದ್ದರೆ ಅಲ್ಲಿ ದೇವರ ದನಿಗಿಂತ ಮನುಷ್ಯರ ದನಿ ಜೋರಾಗಿದೆ ಎಂದು ತಿಳಿಯಬೇಕು. ಮಾತ್ರೆ ಬಿಡು, ಡಾಕ್ಟರ ಬಳಿ ಹೋಗಬೇಡ ಎಂದವರ ಮಾತನ್ನಂತೂ ಕೇಳಲೇಬಾರದು. 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಕಟ್ಟಿದವರು ಸತ್ಯವೇದವನ್ನು ನಂಬಿದವರೇ. ಹುಡುಗ ನಿದ್ದೆ, ಊಟ ಬಿಟ್ಟು ದಿನವಿಡೀ ದನಿ ಕೇಳಿಸುತ್ತಿದೆ ಎಂದರೆ ಬೈಯದೆ, ಮಂತ್ರಿಸದೆ ವೈದ್ಯರಿಗೆ ತೋರಿಸುವುದೇ ಪ್ರೀತಿ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಪರೀಕ್ಷೆ ಹತ್ತಿರವಾದಾಗ ಮನಸ್ಸು ಓಡಿಹೋಗಲು ನೂರು ದಾರಿ ಹುಡುಕುತ್ತದೆ. ಆ ಬಾಗಿಲುಗಳಲ್ಲಿ ಒಂದಕ್ಕೆ ದೇವರ ಹೆಸರು ಬರೆದಿದೆಯೋ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಈ ಪ್ರಶ್ನೆಯನ್ನು ಬೇರೆ ಯಾರೂ ನಿಮ್ಮ ಪರವಾಗಿ ಕೇಳಲಾರರು.

ತರೀಕೆರೆಯ ಆ ಮನೆಯಲ್ಲಿ ಮಾತು ಹನ್ನೊಂದು ಗಂಟೆಯವರೆಗೂ ನಡೆಯಿತು ಎಂದುಕೊಳ್ಳೋಣ. ಅಪ್ಪನ ದನಿ ತಗ್ಗಿದೆ. "ಬರೋ ಭಾನುವಾರ ನಾನೂ ಬರ್ತೀನಿ, ಆ ಕೂಟ ಹೇಗಿದೆ ನೋಡ್ತೀನಿ" ಎಂದಿದ್ದಾನೆ. ಅಷ್ಟು ಮಾತು ಸಾಕಾಗಿ ಹುಡುಗನ ಕಣ್ಣು ತುಂಬಿದೆ. ಅಮ್ಮ ಸಾರು ಬಿಸಿ ಮಾಡಲು ಎದ್ದಿದ್ದಾಳೆ. ಅಜ್ಜಿ ಸತ್ಯವೇದವನ್ನು ಮಡಿಲಲ್ಲಿ ಮುಚ್ಚಿಟ್ಟು ಕೊನೆಯ ಮಾತು ಹೇಳುತ್ತಾಳೆ:

"ಕರೆದೋನು ದೇವರೇ ಆದ್ರೆ ಆರು ವಾರ ಕಾಯ್ತಾನೆ ಮಗಾ. ಸಮುವೇಲನ್ನ ಮೂರು ಸಲ ಕರೆದು ಕಾದಿದ್ದ. ಮೊದಲು ಕೈ ತೊಳ್ಕೊಂಡು ಬಾ, ಉಣ್ಣು."